ಒಳಗೆ ಬಂದ ಗೋಡೆ

ಬಡಗಿ ಒನೋಫ್ರೆ ಕೊನೆಯ ಗಾಜು ಕೂರಿಸಿ
ಹೆಬ್ಬೆರಳಿನಿಂದ ಅಂಚಿಗೆ ಅಂಟು ಒತ್ತಿದಾಗ
ಗಾಳಿ ನಿಂತಿತು.
ಇಲ್ಲ, ಸುಳ್ಳು ಹೇಳಿದೆ.
ಪುಂತಾ ಅರೇನಾಸಿನಲ್ಲಿ ಗಾಳಿ ನಿಲ್ಲುವುದಿಲ್ಲ.
ಸದ್ದು ಮಾತ್ರ ಪಕ್ಕದ ಮನೆಯವರ ಜಗಳದಂತೆ
ಕೇಳಿಯೂ ಕೇಳದ ಹಾಗಾಯಿತು.

ಹನ್ನೆರಡು ಚದರ ಮೀಟರು.
ಇಪ್ಪತ್ತಾರು ವರ್ಷ ಅದನ್ನು ಅಂಗಳವೆಂದೆವು,
ವರ್ಷಕ್ಕೆ ಒಂಬತ್ತು ದಿನ ಕೂತೆವು.
ಕೂತಾಗಲೂ ಒಂದು ಕೈ ಮೇಜುಬಟ್ಟೆಯ ಮೇಲೆ,
ಇನ್ನೊಂದು ಬ್ರೆಡ್ಡಿನ ಮೇಲೆ.
ಒಮ್ಮೆ ಕುರ್ಚಿಯೊಂದು ಬೇಲಿ ಹಾರಿ
ದ್ರಾಗಿತ್ಸಾಳ ಎಲೆಕೋಸಿನ ಪಾತಿಯಲ್ಲಿ
ಕಾಲು ಮೇಲಾಗಿ ಬಿದ್ದಿತ್ತು.
ಬೇಸಿಗೆಯಿಡೀ ಅವಳೇ ಇಟ್ಟುಕೊಂಡಳು,
ಬಾಡಿಗೆ ಅಂತ ಎರಡು ಕೋಸು ಕೊಟ್ಟಳು.

ದೋಣಿಯ ಹಳೆ ಎಂಜಿನ್ ಮಾರಿದ ದುಡ್ಡು
ಮುಚ್ಚಿದ ಶಾಲೆಯೊಂದರ ಹದಿನಾಲ್ಕು ಕಿಟಕಿಗಳಾಗಿ ಬಂತು.
ಒಂದರ ಮೂಲೆಯಲ್ಲಿ ಯಾರೋ ಮೊಳೆಯಿಂದ ಗೀರಿದ್ದಾರೆ:
ಭಾಗಾಕಾರ, ಅರ್ಧಕ್ಕೇ ಬಿಟ್ಟದ್ದು.
ಉಜ್ಜಿದೆ, ಹೋಗಲಿಲ್ಲ.
ಶೇಷ ಎಷ್ಟೆಂದು ಬೆನಿಗ್ನೊ
ಈಗಲೂ ಕೂತು ಲೆಕ್ಕ ಹಾಕುತ್ತಾನೆ.

ನಾನು ಹೇಳಹೊರಟದ್ದು ಗೋಡೆಯ ವಿಷಯ.
ಅಡುಗೆಮನೆಯ ಹಿಂಗೋಡೆ. ಅಲೆಅಲೆಯ ತಗಡು,
ಹಸಿರು ಬಣ್ಣ, ಅದರಡಿ ಕೆಂಪು, ಅದರಡಿ ತುಕ್ಕು.
ಹಿಮ ಅಡ್ಡಡ್ಡ ಬಂದು ಹೊಡೆದದ್ದು ಇದರ ಮುಖಕ್ಕೆ,
ಜಲಸಂಧಿಯ ಉಪ್ಪು ಕೂತದ್ದು ಇದರ ಮೈಗೆ.
ನಮ್ಮತ್ತ ಬೆನ್ನು ಮಾಡಿಯೇ ನಿಂತಿತ್ತು;
ನಾವೂ ಆ ಬೆನ್ನನ್ನಷ್ಟೇ ಬಲ್ಲೆವು:
ಬಾಣಲೆ ತೂಗುವ ಮೊಳೆ, ಕ್ಯಾಲೆಂಡರು, ಎಣ್ಣೆಕಲೆ.
ಈಗ ಮುಖವೂ ಒಳಗೆ ಬಂದಿದೆ,
ನಲ್ಲಿಯ ಸಮೇತ, ನೀರಿನ ಮೀಟರಿನ ಸಮೇತ.

ಪಾಪ, ಅದಕ್ಕಿನ್ನೂ ಗೊತ್ತಾಗಿಲ್ಲ.
ರಾತ್ರಿ ಒಲೆ ಆರಿದ ಮೇಲೆ ತಗಡು ಟಿಕ್ ಟಿಕ್ ಎನ್ನುತ್ತದೆ,
ಕೆಲಸ ಬಿಟ್ಟ ಕಾವಲುಗಾರ
ನಿದ್ದೆಯಲ್ಲೂ ಕೋಲು ಕುಟ್ಟಿದ ಹಾಗೆ.

ಅಡುಗೆಮನೆಯ ಕಿಟಕಿಯೋ,
ಒಳಗಿನಿಂದ ಒಳಕ್ಕೇ ನೋಡುತ್ತದೆ.
ಕಿತ್ತುಬಿಡೋಣ, ಚೌಕಟ್ಟಿನ ಮರ ಚೆನ್ನಾಗಿದೆ ಎಂದ ಒನೋಫ್ರೆ,
ಚಿಲೋವೆ ದ್ವೀಪದವನು, ಮರ ಸುಮ್ಮನಿದ್ದರೆ ಸಹಿಸದವನು.
ಬೇಡ ಎಂದೆ.
ಬಟ್ಟೆ ಒಗೆಯಲೋ ನಾಳೆಗಿಡಲೋ ಎಂದು
ಇದನ್ನೇ ಕೇಳಿ ಬದುಕಿದವಳು ನಾನು.
ಈಗ ಕೇಳಿದರೆ ಬೆನಿಗ್ನೊನ ಬೋಳುತಲೆ ತೋರಿಸುತ್ತದೆ.
ಇರಲಿ. ಅದರೊಳಗಿಂದಲೇ ಕೈ ಚಾಚಿ
ಮಾಟೆಯ ಸೋರೆಬುರುಡೆ ಕೊಡುತ್ತೇನೆ,
ಬಾಗಿಲು ಎರಡೇ ಹೆಜ್ಜೆ ಇದ್ದರೂ.

ಪುರಸಭೆಯಿಂದ ಅಳತೆಯವನು ಬಂದ. ಜೂನ್ ತಿಂಗಳು,
ಸೂರ್ಯ ಹತ್ತಕ್ಕೆ ಬಂದು ಐದೂವರೆಗೆ
ಬಾಗಿಲು ಹಾಕಿಕೊಂಡು ಹೋಗುವ ಕಾಲ.
ಕೋಣೆಯೋ, ಅಂಗಳವೋ?
ಅವನ ಕಾಗದದಲ್ಲಿ ಎರಡೇ ಚೌಕ.
ಮಂಚ ಇದೆಯಾ?
ಇಲ್ಲ.
ಮತ್ತೇನಿದೆ?
ಟೊಮ್ಯಾಟೊ.
ಬಗ್ಗಿ ಎಲೆ ಮುಟ್ಟಿದ, ಬೆರಳು ಮೂಸಿದ,
ಇನ್ನೊಮ್ಮೆ ಮೂಸಿದ.
ಆಮೇಲೆ ಮೈಮರೆತು ಕೋಟು ಬಿಚ್ಚಿ
ಗೋಡೆಯ ಕೊಕ್ಕೆಗೆ ಸಿಕ್ಕಿಸಿದ.
ಅಲ್ಲಿಗೆ ತೀರ್ಮಾನವಾಯಿತು.
ಕೋಣೆ ಎಂದು ಗುರುತು ಹಾಕಿದ.
ತೆರಿಗೆ ಏರಿತು. ಕೋಟು ಬಿಚ್ಚದಿದ್ದರೆ ಉಳಿಯುತ್ತಿತ್ತೇನೋ.

ಕಳೆದದ್ದೂ ಇದೆ.
ಒಳಗೆ ಒಣಗಿದ ಅಂಗಿಗೆ ಸೋಪಿನ ವಾಸನೆ ಮಾತ್ರ,
ಕಡಲಿನದಿಲ್ಲ.
ದ್ರಾಗಿತ್ಸಾ ಬೇಲಿಯಾಚೆ ನಿಂತು ಏನೋ ಹೇಳುತ್ತಾಳೆ,
ಬಾಯಿ ಆಡುವುದು ಕಾಣುತ್ತದೆ, ತೊಟ್ಟಿಯ ಮೀನಿನಂತೆ.
ಮೀನು ಅವಳೋ ನಾನೋ.
ಹೂಂ ಎಂದು ತಲೆಯಾಡಿಸಿದೆ ಮೊನ್ನೆ.
ಸಂಜೆ ತಿಳಿಯಿತು,
ಅವಳ ಅಕ್ಕ ತೀರಿಕೊಂಡ ಸುದ್ದಿ ಅದು.

ಮರುದಿನ ಅವಳನ್ನು ಕರೆದು ಇಲ್ಲೇ ಕೂರಿಸಿದೆ.
ಬ್ರೆಡ್ಡು, ಬೆಣ್ಣೆ, ಒಂದೇ ಒಂದು ಹಣ್ಣಾದ ಟೊಮ್ಯಾಟೊ.
ಬಹಳ ಹೊತ್ತು ಯಾರೂ ಮಾತಾಡಲಿಲ್ಲ.
ಎಷ್ಟು ಸದ್ದಿಲ್ಲ ಇಲ್ಲಿ ಎಂದಳು.
ಅದು ಹೊಗಳಿಕೆಯಾಗಿರಲಿಲ್ಲ.

ಎದ್ದು ಭಾಗಾಕಾರದ ಕಿಟಕಿಯನ್ನು
ನಾಲ್ಕು ಬೆರಳಷ್ಟು ತೆರೆದೆ.
ಮೇಜುಬಟ್ಟೆ ಒಂದು ಮೂಲೆಯಿಂದ ಎದ್ದಿತು.
ಅವಳ ಕೈ ಅದರ ಮೇಲೆ,
ನನ್ನ ಕೈ ಬ್ರೆಡ್ಡಿನ ಮೇಲೆ.