ವಾಲಿದ ಗೆರೆ

ಕೊಟ್ರಮ್ಮ ಮೇಡಂ ಪೆನ್‌ಡ್ರೈವ್ ಕೊಟ್ಟು ಹೋಗಿದ್ದಾರೆ.
ನಾನೂರ ಹನ್ನೆರಡು ಫೋಟೋ. ಎಲ್ಲಾ ನೀರೇ.

ಹಡಗಿನ ಎಂಟನೇ ಮಹಡಿ, ಬಾಲ್ಕನಿ ಇರುವ ರೂಮು,
ಮುಂಬೈ ಬಿಟ್ಟು ಐದು ದಿನ.
‘ಕೆಳಗೆ ಇಳೀಲೇ ಇಲ್ಲಪ್ಪ ನಾನು,
ಅವರ ಹಾಡು, ಡ್ಯಾನ್ಸು ಯಾರಿಗೆ ಬೇಕು?
ಒಂದು ಕುರ್ಚಿ, ನಾನು, ಅದು.’
ಅದು ಅಂದರೆ ಕಡಲು.

ಮಂಡಕ್ಕಿ ಭಟ್ಟಿಯ ಹೊಗೆ ಸ್ಟುಡಿಯೋ ಕಿಟಕಿಗೆ ಬರುವ ಹೊತ್ತಿಗೆ
ಶುರು ಮಾಡುತ್ತೇನೆ.
ಬೆಳಗಿನ ಐದೂವರೆಯದು ಸೀಸದ ಬಣ್ಣ,
ಹನ್ನೊಂದರದು ಕಣ್ಣಿಗೆ ಚುಚ್ಚುತ್ತದೆ,
ಸಂಜೆಯದು, ಹೇಗೆ ಹೇಳಲಿ,
ಬೆಣ್ಣೆ ಕಾಯಿಸುವಾಗ ತುಪ್ಪವಾಗುವ ಮುಂಚೆ
ಒಂದು ಗಳಿಗೆ ಹೀಗಿರುತ್ತದೆ.

ಪ್ರತಿಯೊಂದರಲ್ಲೂ ಗೆರೆ ವಾಲಿದೆ.
ಬಲಕ್ಕೆ ಎರಡು ಡಿಗ್ರಿ, ಮೂರು ಡಿಗ್ರಿ;
ವಾಲಿದ್ದು ಹಡಗೋ, ಮೇಡಂ ಕೈಯೋ.
ಮೌಸ್ ಹಿಡಿದು ಅರಬ್ಬಿ ಸಮುದ್ರವನ್ನು
ಒಂದೊಂದೇ ಸಲ ನೆಟ್ಟಗೆ ಮಾಡುತ್ತೇನೆ.
ಎಷ್ಟು ಮದುಮಕ್ಕಳ ಪೇಟ ಸರಿಮಾಡಿದ ಕೈ.
ಕಣ್ಣು ಮಾತ್ರ ಇನ್ನೂ ಕಡಲು ಕಂಡಿಲ್ಲ.

ಮುನ್ನೂರ ಆರನೆಯದರಲ್ಲಿ
ಬಾಗಿಲ ಗಾಜು ಅಡ್ಡ ಬಂದಿದೆ:
ನೈಟಿಯ ಮೇಲೆ ಟವೆಲ್, ಹಣೆಗೇರಿದ ಕನ್ನಡಕ,
ಬಾಯಿ ತುಸು ತೆರೆದು
ಫೋನೆತ್ತಿ ನಿಂತ ಮೇಡಂ,
ಅವರ ಹೊಟ್ಟೆಯೊಳಗಿಂದ ಹಾದುಹೋಗುವ ಒಂದು ಅಲೆ.

‘ನನ್ನ ಮುಖ ಎಲ್ಲಾದ್ರೂ ಬಂದಿದ್ರೆ ತೆಗೆದುಬಿಡಪ್ಪ’ ಅಂದಿದ್ದರು.

ಅಶೋಕ ರಸ್ತೆಯ ಗೇಟು ಬಿದ್ದಿದೆ.
ಹಾರ್ನೋ ಹಾರ್ನು. ರೈಲು ಇನ್ನೂ ಬಂದಿಲ್ಲ.
ಇದೊಂದನ್ನು ವಾಲಿದ ಹಾಗೇ ಬಿಟ್ಟು
ಹನ್ನೆರಡು-ಹದಿನೆಂಟರ ಸೈಜಿಗೆ ಪ್ರಿಂಟು ಕೊಟ್ಟೆ.
ದುಡ್ಡು ಕೇಳುವುದಿಲ್ಲ.
ಬೈದರೆ ಬೈಯಲಿ.