ಹದಿನೇಳನೇ ಪೊಟರೆ

ಮುಳಿಯಾರಿನ ಕಾಡುಪಾರ್ಕಿಗೆ ನಾನು ಹೋದದ್ದು
ನವಿಲು ನೋಡಲಿಕ್ಕಲ್ಲ.
ಚೀಲದಲ್ಲಿ ಉದ್ದ ಹಿಡಿಯ ಸೌಟು, ಪಿಪೆಟ್ಟು,
ಮುಚ್ಚಳದ ಬಾಟಲಿ ನಲವತ್ತು,
ಇಲಾಖೆಯ ನೀಲಿ ಗೆರೆಯ ಪುಸ್ತಕ.

"ಉಮಿಲು ಹಿಡೀಲಿಕ್ಕೆ ಸರಕಾರದ ಸಂಬಳವಾ ಅಕ್ಕಾ?"
ವಾಚರ್ ತನಿಯಪ್ಪ ನಕ್ಕ.
ಅವನಿಗೆ ಉಮಿಲು, ಟಿಕೇಟಿನ ಕಾರ್ತ್ಯಾಯನಿಗೆ ಕೊದುಗು,
ನನ್ನ ಮನೆಯಲ್ಲಿ ನುಸಿ.
ಪುಸ್ತಕದಲ್ಲಿ ಮಾತ್ರ
ಯಾರ ನಾಲಗೆಗೂ ಹೊರಳದ ಹೆಸರು.

ಕೆಸುವಿನ ಎಲೆಬುಡದಲ್ಲಿ ಒಂದು ಚಮಚ ನೀರು,
ಅದರಲ್ಲೊಂದು ಸಂಸಾರ.
ಕಡಿದ ಬಿದಿರ ಗಂಟಿನೊಳಗೆ ಇನ್ನೊಂದು, ತಲೆಕೆಳಗಾಗಿ.
ತೋಡಿನ ಬದಿಯ ಬಿಲದಲ್ಲಿ
ಏಡಿಗೂ ಅದಕ್ಕೂ ಒಂದೇ ಬಾಗಿಲು.
ಮುರಕಲ್ಲ ಹೊಂಡದಲ್ಲಿ ನೀರಿಗೆ ಸಮನಾಗಿ ಮಲಗಿದವು
ಜ್ವರದ ಜಾತಿಯವು;
ನೆರಳು ಬಿದ್ದದ್ದೇ ಮುಳುಗಿ ಮಾಯ.
ನನ್ನ ನೆರಳಿಗೂ ಹೆದರುವವರಿದ್ದಾರೆಂದು
ಅಲ್ಲಿ ಗೊತ್ತಾಯಿತು.

ಹದಿನೇಳನೆಯದು ಮರುವದ ಮರ.
ಎದೆಮಟ್ಟಕ್ಕೆ ಒಂದು ಬಾಯಿ, ಚಹದ ಬಣ್ಣದ ನೀರು.
ಪಿಪೆಟ್ಟಿಗೆ ಬಂದದ್ದು ಉಗುರುದ್ದದ ಕೆಂಗಂದು ಹುಳ,
ಬಾಟಲಿಯಲ್ಲೇ ಪಕ್ಕದ ಮರಿಯನ್ನು ಹಿಡಿದು
ಚಕ್ಕುಲಿಯಂತೆ ಮುರಿದು ತಿಂದಿತು.
"ಆನೆ ಉಮಿಲು ಅಕ್ಕಾ. ದೊಡ್ಡದಾದ ಮೇಲೆ ಕಚ್ಚುವುದಿಲ್ಲ,
ಹೂವಿಗೆ ಹೋಗ್ತದೆ."
ಪ್ರಾಯದಲ್ಲಿ ರಾಕ್ಷಸ, ಆಮೇಲೆ ಸಸ್ಯಾಹಾರಿ,
ನಮ್ಮ ದೊಡ್ಡಪ್ಪನ ಹಾಗೆ, ಎಂದೆ.
ಇಬ್ಬರೂ ನಕ್ಕೆವು.

ಸಂಜೆ ಆರಕ್ಕೆ ಪ್ಯಾಂಟು ಮಡಚಿ ಬಂಡೆಯ ಮೇಲೆ ಕೂತೆ,
ಗಾಜಿನ ನಳಿಕೆ ಹಿಡಿದು.
ಇದೂ ಕೆಲಸವೇ: ನನ್ನ ಕಾಲೇ ಗಾಳ.
ಪಟ್ಟೆಕಾಲಿನವಳು ಕೂರುತ್ತಾಳೆ, ಸೂಜಿ ಇಳಿಸುವ ಮೊದಲು ಹಿಡಿಯಬೇಕು.
ನಾಲ್ಕಕ್ಕೊಂದು ತಪ್ಪುತ್ತಿತ್ತು.
ತಪ್ಪಿದ್ದಕ್ಕೆ ಲೆಕ್ಕವಿಲ್ಲ, ತುರಿಕೆಯಿದೆ.

ವರದಿ ಕಳಿಸಿದೆ.
'ನೆಲೆ' ಎಂಬ ಕಾಲಮ್ಮಿನಲ್ಲಿ ಮೊದಲು ಬರೆದಿದ್ದೆ:
ಮರದ ಪೊಟರೆ, ಮೂವತ್ತೊಂದು.
ಗೇಟಿನ ಬಳಿಯ ಐಸ್‌ಕ್ರೀಮ್ ಕಪ್ಪು, ಬೊಂಡದ ಚಿಪ್ಪು,
ಉಯ್ಯಾಲೆಯ ಹಳೇ ಟಯರು,
ಒಂದೇ ಜಾತಿ, ಸಾವಿರದ ಲೆಕ್ಕದಲ್ಲಿ,
ಅವೂ ಇದ್ದವು, ಪುಟದ ಕೆಳಗೆ.
ಓದಿದವರು ಮೇಲಿನಿಂದ ಓದಿದರು.

ಮುಂದಿನ ಆಟಿಯಲ್ಲಿ ಹೋದಾಗ
ಹದಿನೇಳನೇ ಪೊಟರೆಗೆ ಸಿಮೆಂಟು.
ಹಸಿಯಿದ್ದಾಗ ಯಾರೋ ಬೆರಳಲ್ಲಿ ತಾರೀಕು ಬರೆದಿದ್ದರು.
ಟಯರಿನಲ್ಲಿ ಮಕ್ಕಳು ತೂಗುತ್ತಿದ್ದರು,
ಒಳಗಿನ ನೀರು
ಒಮ್ಮೆ ಈಚೆ, ಒಮ್ಮೆ ಆಚೆ.

ತನಿಯಪ್ಪ ಏನೂ ಹೇಳಲಿಲ್ಲ.
ಮರದ ಹಿಂದೆ ಕರೆದು
ಎರಡು ಬೇರುಗಳ ಸಂದಿನಲ್ಲಿ ನಿಂತ
ಬೊಗಸೆಯಷ್ಟು ನೀರು ತೋರಿಸಿದ.
ಬಗ್ಗಿದೆ. ನೆರಳು ಬಿತ್ತು.
ಏನೋ ಮುಳುಗಿತು.
ಪುಸ್ತಕ ತೆರೆದೆ, ಪೆನ್ನಿನ ಮುಚ್ಚಳ ತೆಗೆದೆ,
ಮತ್ತೆ ಹಾಕಿದೆ.