ಆರು ಗಂಟೆಯ ನೆಲ

ಸಭೆ ಹನ್ನೊಂದಕ್ಕೆ ಎಂದು ನೋಟಿಸು ಬರೆದವನು ನಾನೇ.
ಬಂದರಿನಿಂದ ಫೆರಿ ಹತ್ತಿ, ನಕ್ಷೆಯ ಕೊಳವೆ ತೊಡೆಯ ಮೇಲಿಟ್ಟು
ಹೊಳೆ ದಾಟಿ ಬೆಂಗ್ರೆಗೆ ಬಂದವನೂ ನಾನೇ.

ಶಾಲೆಯ ಎರಡು ಬೆಂಚು ಜೋಡಿಸಿ ಹರವಿದೆವು
ಇನ್ನು ಇಪ್ಪತ್ತು ವರ್ಷದ ಮಂಗಳೂರನ್ನು.
ಕಡಲ ಗಾಳಿಗೆ ಅದು ಸುರುಳಿ ಸುತ್ತಿಕೊಳ್ಳುತ್ತಲೇ ಇತ್ತು.
ಒಂದು ಮೂಲೆಗೆ ಸ್ಟೇಪ್ಲರ್, ಒಂದಕ್ಕೆ ನನ್ನ ಬುತ್ತಿ,
ಇನ್ನೊಂದಕ್ಕೆ ಹೆಡ್‌ಮಾಷ್ಟ್ರ ಮೇಜಿನ ಗಂಟೆ.
ನಾಲ್ಕನೆಯದನ್ನು ಅಂಗೈಯಲ್ಲಿ ಒತ್ತಿಹಿಡಿದು ಮಾತಾಡಿದೆ:
ಹಳದಿ ಎಂದರೆ ಮನೆ, ಕೆಂಪು ಅಂಗಡಿ,
ನೇರಳೆ ಕೈಗಾರಿಕೆ, ಹಸಿರು ಉದ್ಯಾನ,
ನೀಲಿ, ನಿಮಗೆ ಹೇಳಬೇಕಾದ್ದಿಲ್ಲ, ನೀರು.

ಬಂದದ್ದು ಹದಿನಾಲ್ಕು ಜನ. ಹದಿಮೂರು ಗಂಡಸರು,
ಮತ್ತೆ ಸಹಿ ಹಾಕಿಸಲು ಬಂದ ಅಂಗನವಾಡಿ ಟೀಚರು.
ಆಕ್ಷೇಪಣೆ ಉಂಟಾ? ಮೂರು ಸಲ ಕೇಳಿದೆ.
ಫ್ಯಾನು ತಿರುಗಿತು.
ಇಲ್ಲ, ಎಂದು ಬರೆದುಕೊಂಡೆ.

ಕುರ್ಚಿ ಮಡಚುವಾಗ ಬಂದರು ಅವರು.
ಸೊಂಟದವರೆಗೆ ಒದ್ದೆ, ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು.
ಸಂಪಾವತಿ ಕರ್ಕೇರ, ಬೀಫಾತಿಮ್ಮ, ಹಿಂದೆ ಇನ್ನೂ ಏಳೆಂಟು ಮಂದಿ.
"ಇಳಿತ ಬಿಟ್ಟು ಬರ್ಲಿಕ್ಕೆ ಆಗ್ತದಾ ಮಾರಾಯ್ರೆ?
ಹೊಳೆಗೆ ಊಟದ ವಿರಾಮ ಇಲ್ಲ."
ಒಂದು ಮುಷ್ಟಿ ಮರುವಾಯಿ ತೆಗೆದು
ನಾಲ್ಕನೆಯ ಮೂಲೆಗೆ ಇಟ್ಟರು ಸಂಪಾವತಿ. ನನ್ನ ಕೈ ಖಾಲಿಯಾಯಿತು.

"ನಮ್ಮ ದಿಣ್ಣೆ ಎಲ್ಲಿ?"
ಯಾವ ದಿಣ್ಣೆ?
"ಈಗ ನಾವು ನಿಂತು ಬಂದದ್ದು."

ಅವರ ಬೆರಳು ಇದ್ದಲ್ಲಿ ಬರೀ ನೀಲಿ,
ನೀಲಿಯ ಮೇಲೆ ಸೇತುವೆಯ ಏಳನೇ ಕಂಬ.
ಲ್ಯಾಪ್‌ಟಾಪ್ ತೆರೆದು ಉಪಗ್ರಹದ ಚಿತ್ರ ತೋರಿಸಿದೆ, ಸಾಕ್ಷಿಗೆ.
ತಾರೀಖು ಕೇಳಿದರು, ಬೆರಳು ಮಡಚಿ ಎಣಿಸಿದರು, ನಕ್ಕರು.
"ಹುಣ್ಣಿಮೆಯ ಮಾರನೆ ದಿನ ಹತ್ತೂವರೆಗೆ ತೆಗೆದದ್ದು.
ಉಬ್ಬರ ತುಂಬಿದ ಹೊತ್ತು.
ಅಷ್ಟು ಮೇಲೆ ಹೋದವನು
ಆರು ಗಂಟೆ ಕಾಯಬಾರದಿತ್ತಾ?"

"ಹಾಗಂತ ಸೇತುವೆ ಬೇಡ ಅನ್ಬೇಡಿ," ಎಂದ ಬಾಗಿಲಲ್ಲಿದ್ದ ರವೂಫ್.
ಕೊನೆಯ ಫೆರಿ ಹೋದ ಮೇಲೆ ಅವನ ಹೆಂಡತಿಗೆ ನೋವು ಬಂದಿತ್ತು.
ತಣ್ಣೀರುಬಾವಿ ಸುತ್ತಿ, ಕೂಳೂರು ದಾಟಿ
ಆಸ್ಪತ್ರೆ ಮುಟ್ಟುವಾಗ...
ಅವನು ಮುಗಿಸಲಿಲ್ಲ. ಅಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನ ಹೊರತು.
ಬೀಫಾತಿಮ್ಮ ಮೆಲ್ಲಗೆ ಹೇಳಿದರು:
"ಬೇಡ ಅಂದದ್ದು ಯಾರು ಮಗಾ?
ಕಂಬ ಎಲ್ಲಿ ಊರ್ತಾರೆ ಅಂತ ಕೇಳಿದ್ದು."

ಆಮೇಲೆ ಜಗಳ. ಕಂಬ ಬಡಗಿಗೆ ಸರಿಸಿದರೆ ದೋಣಿ ಎಳೆಯುವ ಜಾಗ ಹೋಗ್ತದೆ,
ತೆಂಕಿಗೆ ಸರಿಸಿದರೆ ಕಾಂಡ್ಲಾ ಗಿಡ, ಅದರ ಬೇರಲ್ಲಿ ಏಡಿ ಮರಿ.
ನನ್ನ ಪೆನ್ಸಿಲು ಕೈಯಿಂದ ಕೈಗೆ ಹೋಗಿ ಮೊಂಡಾಯಿತು.
ಯಾರೂ ಒಪ್ಪಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ.
"ಇಲ್ಲ" ಎಂಬುದನ್ನು ಹೊಡೆದುಹಾಕಿದೆ.

ಮುಂದಿನ ಸಭೆ? ಶನಿವಾರ ಆಗಬಹುದಾ, ಎಂದೆ.
ಸಂಪಾವತಿ ಗೋಡೆಯ ಕ್ಯಾಲೆಂಡರ್ ನೋಡಿದರು.
"ಅಮಾಸೆಗೆ ಇಡಿ, ಇಳಿತ ದೊಡ್ಡದು. ಬೆಳಿಗ್ಗೆ ಐದೂವರೆ.
ಶಾಲೆಯಲ್ಲಿ ಅಲ್ಲ.
ಚಪ್ಪಲಿ ಹಾಕ್ಬೇಡಿ, ಹೂತುಹೋಗ್ತದೆ."

ಕಚೇರಿಯ ಸಾಫ್ಟ್‌ವೇರಿನಲ್ಲಿ ನೂರಾರು ಬಣ್ಣ ಉಂಟು.
ದಿನಕ್ಕೆರಡು ಸಲ ಹುಟ್ಟುವ ನೆಲಕ್ಕೆ ಒಂದೂ ಇಲ್ಲ.
ಕಂದು ಬೆರೆಸಿದೆ, ಬೂದಿ ಬೆರೆಸಿದೆ,
ಸೂಚಿಯ ಕೊನೆಗೆ ಒಂದು ಚೌಕ ಬರೆದು
ಪಕ್ಕದಲ್ಲಿ ಟೈಪಿಸಿದೆ: ಆರು ಗಂಟೆಯ ನೆಲ.
"ಇದು ಯಾವ ನಿಯಮದಲ್ಲಿ ಉಂಟು?" ಎಂದರು ಸಾಹೇಬರು,
ಅಳಿಸಲಿಲ್ಲ, ಸಹಿಯನ್ನೂ ಹಾಕಲಿಲ್ಲ.

ಮರುವಾಯಿಯ ನೀರು ಒಣಗಿ ಕಾಗದದ ಮೇಲೆ
ಉಪ್ಪಿನ ಒಂದು ಬಿಳಿ ಕಲೆ ಉಳಿದಿದೆ.
ದಿಣ್ಣೆ ಇರುವಲ್ಲಿ ಅಲ್ಲ,
ಮೂಲೆಯಲ್ಲಿ, ಪಣಂಬೂರಿನ ಮೇಲೆ.

ಹೊಸ ನೋಟಿಸು ಅಂಟಿಸಲು ಹೊರಟ ಜವಾನ
ಬಾಗಿಲಿನಿಂದ ಹಿಂದೆ ಬಂದು ಕೇಳಿದ:
"ಸರ್, ಬೆಳಿಗ್ಗೆ ಐದೂವರೆ ಅಂತ ಉಂಟು,
ಟೈಪಿಂಗ್ ತಪ್ಪಾ?"